ಮೊದಲು ಊಟ ವಿಚಾರಿಸುವವರು

ಇವತ್ತು ಬೆಳಿಗ್ಗೆ ಫೋನೆತ್ತಿದರೆ ಬೀಗರು. "ಆರಾಮ ಅದೀರೇನ್ರಿ? ನಾಷ್ಟಾ ಆತೇನ್ರಿ?" ಎಂದರು. "ಅದಿರ್ಲಿರಿ, ಏನರ ಅರ್ಜಂಟ್ ಐತೇನು, ಮೊದಲ ಅದನ್ನ ಹೇಳ್ರಿ" ಎಂದೆ. ಪಾಪ, ಏನೂ ಇಲ್ಲವೆಂದು ಇಟ್ಟುಬಿಟ್ಟರು. ನನ್ನ ಈ ಒರಟುತನ ಮನೆಯಲ್ಲಿ ಹೆಸರುವಾಸಿ. ಅದರ ಮೂಲವನ್ನು ನಿಮಗಾದರೂ ಹೇಳಿಬಿಡುತ್ತೇನೆ.

ನಲವತ್ತರ ದಶಕದಲ್ಲಿ ನಾನು ಹಾನಗಲ್ಲಿನ ಸಾವುಕಾರರೊಬ್ಬರ ಅಂಗಡಿಯಲ್ಲಿ ಗುಮಾಸ್ತ. ಸವಣೂರಿನ ವೀಳ್ಯದೆಲೆ ವಖಾರಿ, ಹಿರೇಕೆರೂರಿನ ಅರಳೆ ಗಿರಣಿ, ತಿಳವಳ್ಳಿಯ ಭತ್ತದ ಗೋದಾಮು, ಎಲ್ಲಕ್ಕೂ ಅವರು ಸ್ವಂತ ಟೆಲಿಫೋನ್ ತಂತಿ ಎಳೆಸಿದ್ದರು. ತಂತಿಗಳೆಲ್ಲ ನನ್ನ ಮೇಜಿನ ಮೇಲಿನ ಸ್ವಿಚ್‌ಬೋರ್ಡ್ ಪೆಟ್ಟಿಗೆಗೆ ಬರುತ್ತಿದ್ದವು. ಅಲ್ಲಿಂದ ಸಾವುಕಾರರ ಮನೆಗೆ ಒಂದೇ ತಂತಿ. ಒಬ್ಬರು ಮಾತಾಡುತ್ತಿದ್ದರೆ ಉಳಿದವರು ಕಾಯಬೇಕು. "ಅರ್ಜಂಟ್ ಇದ್ರ ಅಷ್ಟ ನಮ್ಮ ಮಾತು ಕಡಿ" ಎಂದು ಸಾವುಕಾರರ ಅಪ್ಪಣೆ. ಆದರೆ ಅರ್ಜಂಟ್ ಇಲ್ಲದವರು ಯಾರು? ಸವಣೂರಿನವರಿಗೆ ಎಲೆ ಬಾಡಿದ್ದು ಅರ್ಜಂಟ್, ಹಿರೇಕೆರೂರಿನವರಿಗೆ ಗಿರಣಿಯ ಪಟ್ಟಾ ಹರಿದದ್ದು ಅರ್ಜಂಟ್. ಕೊನೆಗೆ ನಾನೇ ಒಂದು ಜರಡಿ ಕಂಡುಹಿಡಿದೆ: ಕ್ಷೇಮ ವಿಚಾರಿಸುವಷ್ಟು ಪುರಸೊತ್ತು ಇದ್ದವರಿಗೆ ಅವಸರವಿಲ್ಲ. ಈ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಒಂದು ಮಧ್ಯಾಹ್ನ ತಿಳವಳ್ಳಿ ಗೋದಾಮಿನ ಕಾವಲುಗಾರ ನಿಂಗಪ್ಪ ಗಂಟೆ ಬಾರಿಸಿದ. "ಆರಾಮ ಅದೀರೇನ್ರಿ? ಊಟ ಆತೇನ್ರಿ? ಅವ್ವಾರ ಕೆಮ್ಮು ಕಡಿಮಿ ಆತೇನ್ರಿ?"

"ಆತಪಾ. ಸಾವಕಾರ್ರು ಸವಣೂರಿನವ್ರ ಕೂಡ ಮಾತಾಡಾಕತ್ತಾರ. ತಡಿ, ಆಮ್ಯಾಲೆ ಕರೀತೇನಿ" ಎಂದೆ.

"ಹೂನ್ರಿ" ಎಂದ. ಸವಣೂರಿನವರು ಎಲೆ ಪೆಂಡಿಯ ಕತೆಯನ್ನು ಅರ್ಧ ತಾಸು ಹೇಳಿದರು.

ಆಮೇಲೆ ಕರೆದಾಗ ನಿಂಗಪ್ಪ ಅಂದದ್ದಿಷ್ಟು: "ಹೆಂಡ್ತಿಗೆ ನಿನ್ನಿಯಿಂದ ಬ್ಯಾನಿ ರೀ. ಸೂಲಗಿತ್ತಿ ತನ್ನ ಕೈಲೆ ಆಗೂದಿಲ್ಲ ಅಂದಾಳ. ಸಾವಕಾರ್ರ ಮೋಟಾರು ಸಿಗತೈತೇನ್ರಿ?"

ಮೋಟಾರು ಡಾಕ್ಟರನ್ನು ಕೂರಿಸಿಕೊಂಡು ಕೂಡಲೇ ಹೊರಟಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆ ಅರ್ಧ ತಾಸು ಸಿಕ್ಕಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ತಿಂಗಳ ಮೇಲೆ ನಿಂಗಪ್ಪ ಅಂಗಡಿಗೆ ಬಂದ. "ಮೊದಲ ಯಾಕ ಹೇಳಲಿಲ್ಲೋ?" ಎಂದೆ, ತಪ್ಪನ್ನು ಅವನ ತಲೆಗೇ ಕಟ್ಟುವ ಆಸೆಯಿಂದ. ಅವನು ತಬ್ಬಿಬ್ಬಾದ. "ನೀವು ತಿರುಗಿ ಕೇಳ್ತೀರಿ, ಆಗ ಹೇಳೂಣು ಅಂತಿದ್ದೆ ರೀ."

ಹೌದಲ್ಲ. 'ನಿಮ್ಮಲ್ಲಿ ಹ್ಯಾಂಗ?' ಎಂದು ತಿರುಗಿ ಕೇಳುವುದು ನಮ್ಮ ಕಡೆಯ ಪದ್ಧತಿ. ನಾನು ಕೇಳಿರಲಿಲ್ಲ. ಅಂದಿನಿಂದ ಕ್ಷೇಮದ ಮಾತೆತ್ತಿದವರನ್ನೆಲ್ಲ ಗದರಿಸುತ್ತ ಬಂದಿದ್ದೇನೆ, ತಪ್ಪು ಆ ಮಾತಿನದೇ ಎಂಬಂತೆ.

ಇಷ್ಟು ಬರೆದವನು ಎದ್ದು ಬೀಗರಿಗೆ ಫೋನ್ ಮಾಡಿದೆ. "ನಾಷ್ಟಾ ಆತ್ರಿ. ನಿಮ್ಮಲ್ಲಿ ಎಲ್ಲಾರೂ ಆರಾಮ ಅದಾರೇನ್ರಿ?" ಎಂದು ಕೇಳಿ, ಸುಮ್ಮನೆ ಕಾದೆ.