ಬೇವಿಗೆ ಬೆರೆಸಿದ ಅರಿಶಿನ

ಅಮರಾಪುರದ ತಂಗಿಯ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹಿತ್ತಿಲ ಕಡೆಯಿಂದ ಹಸಿ ಬೇವು ಅರೆಯುವ ವಾಸನೆ ಬಂತು. ಬೇವಿನ ವಾಸನೆ ನಮ್ಮ ಸೀಮೆಯವರಿಗೆ ಹೊಸದಲ್ಲ ಬಿಡಿ. ನಮಗೆ ನೆರಳು ಅಂದರೆ ಬೇವು, ಹಲ್ಲುಜ್ಜುವುದು ಅಂದರೆ ಬೇವು, ಮೈಮೇಲೆ ಏನೆದ್ದರೂ ಬೇವು. ಆದರೆ ಹಾಲು ಕುಡಿಯುವ ಮಗುವಿರುವ ಮನೆಯಲ್ಲಿ ಹಬ್ಬವಿಲ್ಲ, ಹುಣ್ಣಿಲ್ಲ, ಸುಮ್ಮನೆ ಒರಳಲ್ಲಿ ಬೇವು ತಿರುಗುತ್ತಿದೆ ಎಂದರೆ ಅದಕ್ಕೆ ಒಂದೇ ಅರ್ಥ. ಹಾಲು ಬಿಡಿಸುತ್ತಿದ್ದಾರೆ.

ತಂಗಿ ಒರಳಿನ ಮುಂದೆ ಕೂತಿದ್ದಳು. ಅವಳ ಮಗಳಿಗೆ ಎರಡು ತುಂಬಿ ನಾಲ್ಕು ತಿಂಗಳು. ಸೋಮವಾರದಿಂದ ಇವಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಬೇಕು, ಬೆಳಗ್ಗೆ ಏಳಕ್ಕೆ ಬಸ್ಸು. "ಒಳ್ಳೆ ಟೈಮಿಗೆ ಬಂದೆ ಕಣಕ್ಕಾ" ಅಂದಳು. "ನಿನ್ ಮಗ ಒಂದೇ ದಿನದಾಗೆ ಬಿಟ್ನಂತಲ್ಲ, ಅದೆಂಗ್ ಮಾಡ್ದೆ ವಸಿ ಯೇಳು. ಇವ್ಳು ನನ್ ಪ್ರಾಣ ತಿಂತವ್ಳೆ."

"ಬಿಸಿಲಾಗೆ ಬಂದಿದೀನಿ, ನೀರು ಕುಡ್ದು ಯೇಳ್ತೀನಿ ಇರೇ" ಅಂದು ಮುಂದಿನ ಜಗಲಿಗೆ ಬಂದು ಕೂತೆ. ನೀರು ಬರೀ ನೆಪ. ಆ ಒಂದು ದಿನದ ಕತೆ ನಮ್ಮ ಬಳಗದಲ್ಲೆಲ್ಲ ನನ್ನ ಜಾಣತನದ ಕತೆಯಾಗಿ ಓಡಾಡುತ್ತಿದೆ. ಅದರೊಳಗೆ ನಾನು ಮಗನಿಗೆ ಹೇಳಿದ ಒಂದು ಸುಳ್ಳಿದೆ, ಅದನ್ನು ಇವತ್ತಿನವರೆಗೂ ಅವನ ಮುಂದೆ ಒಪ್ಪಿಕೊಂಡಿಲ್ಲ ಅನ್ನುವುದು ನನ್ನ ಅತ್ತೆಯೊಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆ ಮಗನಿಗೀಗ ಒಂಬತ್ತು ವರ್ಷ. ರಜೆಗೆಂದು ನನ್ನ ಜೊತೆ ಬಂದವನು ಜಗಲಿಯ ಕೆಳಗೆ ಕೂತು ಚಿಕ್ಕಪ್ಪನ ಸೈಕಲ್ಲಿಗೆ ಚೈನು ಹಾಕುತ್ತಿದ್ದ. ಕೈಯೆಲ್ಲ ಗ್ರೀಸು.

ನಾನು ಹುಟ್ಟಿದ್ದು ಈ ಮಡಕಶಿರಾ ಕಡೆ, ನನ್ನನ್ನು ಕೊಟ್ಟಿದ್ದು ರಾಯದುರ್ಗದ ಕಡೆ, ಬೆಳುಗುಪ್ಪದ ಹತ್ತಿರದ ಒಂದು ಹಳ್ಳಿಗೆ. ನಡುವೆ ನಾಲ್ಕೈದು ಗಂಟೆಯ ಬಸ್ಸು, ಅಷ್ಟೆ. ಆದರೂ ಮದುವೆಯಾದ ಹೊಸತರಲ್ಲಿ ನಾನು ಬಾಯಿ ತೆಗೆದರೆ ಸಾಕು, ಅತ್ತೆ ಓಣಿಯವರನ್ನೆಲ್ಲ ಕರೆದು "ನಮ್ಮ ಸೊಸಿ ಮಾತು ಕೇಳ್ಬರ್ರೆವ್ವಾ" ಅನ್ನುತ್ತಿದ್ದರು. ಅತ್ತೆ ಕುರಿ ಸಾಕಿದ ಹೆಂಗಸು. ಲೋಕದ ಯಾವ ಪ್ರಶ್ನೆಗೂ ಅವರ ಬಳಿ ಕುರಿಯಿಂದ ತೆಗೆದ ಉತ್ತರವೊಂದು ಇರುತ್ತಿತ್ತು. ಅದು ಮುಕ್ಕಾಲು ಪಾಲು ಸರಿಯೂ ಇರುತ್ತಿತ್ತು, ನನಗೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ.

ಮಗನಿಗೆ ಎರಡು ವರ್ಷ ಎರಡು ತಿಂಗಳಾದಾಗ ನನಗೆ ಕೆಲಸದ ಆರ್ಡರು ಬಂತು. ಊರ ಸಚಿವಾಲಯದಲ್ಲಿ, ಅಂದರೆ ನಮ್ಮ ಕಡೆ ಹಳ್ಳಿಗೊಂದಿರುವ ಸರ್ಕಾರಿ ಕಚೇರಿಯಲ್ಲಿ ಕೆಲಸ, ಆದರೆ ಮೊದಲು ಅನಂತಪುರದಲ್ಲಿ ಒಂದು ತಿಂಗಳ ಟ್ರೈನಿಂಗು. ಹಾಸ್ಟೆಲಿನಲ್ಲಿರಬೇಕು, ಮಕ್ಕಳನ್ನು ಕರೆತರುವಂತಿಲ್ಲ. ಕೈಯಲ್ಲಿದ್ದದ್ದು ಎಂಟು ದಿನ. ಮಗನೋ, ಅನ್ನ ತಿನ್ನುತ್ತಿದ್ದ, ರಾಗಿ ಗಂಜಿ ಕುಡಿಯುತ್ತಿದ್ದ, ಸಿಕ್ಕರೆ ಕುರಿಯ ಮೇವನ್ನೂ ಬಾಯಿಗೆ ಹಾಕುತ್ತಿದ್ದ. ಆದರೆ ನಿದ್ದೆ ಬಂದರೆ ನಾನು, ಬಿದ್ದರೆ ನಾನು, ಯಾರಾದರೂ ನೆಂಟರು ಬಂದು ಮಾತಿಗೆ ಕೂತರೆ ಆಗಲಂತೂ ನಾನೇ. ನಾಲ್ಕು ಜನರೆದುರು ಸೆರಗಿಗೆ ಕೈ ಹಾಕಿ "ಆಲೂ" ಅಂದುಬಿಡುತ್ತಿದ್ದ.

ಹಾಲು ಬಿಡಿಸುವುದರ ಬಗ್ಗೆ ನೀವು ಒಮ್ಮೆ ಬಾಯಿಬಿಟ್ಟು ನೋಡಿ, ಆಗ ಗೊತ್ತಾಗುತ್ತದೆ ಊರಲ್ಲಿ ಎಷ್ಟು ಪಂಡಿತರಿದ್ದಾರೆಂದು. ಒಬ್ಬಾಕೆ ತವರಿಗೆ ಹೋಗು, ಮಗುವನ್ನು ಬಿಟ್ಟು ಹೋಗು ಎಂದಳು. ಇನ್ನೊಬ್ಬಾಕೆ ಮಂಗಳವಾರ ಮಾತ್ರ ಬೇಡ ಎಂದಳು. ನಾನೂ ಕಮ್ಮಿಯೇನಲ್ಲ, ಫೋನಿನಲ್ಲಿ ತಾಯಂದಿರ ಮೂರು ಗುಂಪಿಗೆ ಸೇರಿದ್ದೆ. ಒಂದರಲ್ಲಿ ಮಗು ತಾನಾಗೇ ಬಿಡುವ ತನಕ ಕೊಡಿ ಎಂದರು, ಇನ್ನೊಂದರಲ್ಲಿ ಇಷ್ಟು ದಿನ ಕೊಟ್ಟಿದ್ದೇ ತಪ್ಪು ಎಂದರು, ಮೂರನೆಯದರಲ್ಲಿ ಯಾರೋ ಸೀರೆ ಮಾರುತ್ತಿದ್ದರು. ನಮ್ಮವರನ್ನು ಕೇಳಿದೆ. ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಮನುಷ್ಯ, ಯಾವ ಮೋಟರಿಗೆ ಏನಾಗಿದೆ ಎಂದು ಸದ್ದು ಕೇಳಿಯೇ ಹೇಳುವವರು. "ನಿನ್ನಿಷ್ಟ ನೋಡು" ಅಂದರು. ಮದುವೆಯಾದವರಿಗೆ ಗೊತ್ತು, "ನಿನ್ನಿಷ್ಟ" ಅಂದರೆ ಮುಂದೆ ಏನೇ ಎಡವಟ್ಟಾದರೂ ಅದು ನಿನ್ನ ತಲೆಗೆ ಎಂದರ್ಥ.

ಕೊನೆಗೆ ಅತ್ತೆಯೇ ದಾರಿ ತೋರಿಸಿದರು. "ಮರಿಗೆ ಹಾಲು ಬಿಡಿಸಾಕ ಕುರಿ ಕೆಚ್ಚಲಿಗೆ ಸಗಣಿ ಬಡಿತೀವಿ. ನಿನಗ ಬೇವು ಸಾಕು. ಪುಣ್ಯ ಮಾಡೀದಿ ಬಿಡವ್ವ" ಅಂದರು.

ಶುಕ್ರವಾರ ಬೆಳಗ್ಗೆ, ಮಗನ ಸ್ನಾನ ಮುಗಿಯುವಷ್ಟರಲ್ಲಿ ಅತ್ತೆ ಬೇವು ನುಣ್ಣಗೆ ಅರೆದಿಟ್ಟಿದ್ದರು. ಬಟ್ಟಲು ನೋಡಿದರೆ ಹಸಿರಿಗಿಂತ ಹಳದಿಯೇ ಹೆಚ್ಚು. "ಅರಿಶಿಣ ಯಾಕ ಹಾಕೀರಿ ಅತ್ತಿ?" ಎಂದೆ. "ಬರೇ ಬೇವು ಉರಿತೈತವ್ವ, ನಿನಗ ತಡಿಯಾಂಗಿಲ್ಲ ಅಂತ ಚೂರು ಹಾಕೀನಿ" ಅಂದರು. ಬಾಯಲ್ಲಿ ಕುರಿಯ ಮಾತಾಡುತ್ತಿದ್ದ ಅತ್ತೆ ನನ್ನ ಚರ್ಮದ ಬಗ್ಗೆ ಯೋಚಿಸಿದ್ದರು. ಆ ಚೂರು ಅರಿಶಿನವೇ ಎಲ್ಲವನ್ನೂ ಕೆಡಿಸಿತು. ಕೆಡಿಸಿತೋ, ಸುಧಾರಿಸಿತೋ, ನೀವೇ ಹೇಳಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಂದಿನ ಬೇಸಿಗೆಯಲ್ಲಿ ಮಗನ ಮೈತುಂಬ ಸೆಕೆಗುಳ್ಳೆ ಎದ್ದು, ಬೆನ್ನ ಮೇಲೆರಡು ಒಡೆದು ಹುಣ್ಣಾಗಿದ್ದವು. ಆಗ ಅತ್ತೆ ಹಚ್ಚಿದ್ದು ಇದೇ ಬೇವು, ಇದೇ ಅರಿಶಿನ. ಹಚ್ಚಿ, "ಗಾಯ ಆಗೈತಪ್ಪ, ಮುಟ್ಟಬ್ಯಾಡ" ಎಂದು ಉಫ್ ಉಫ್ ಊದಿ, ಚಾಪೆಯ ಮೇಲೆ ಮಲಗಿಸಿ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಇದು ನಮಗೆ ಮರೆತೇ ಹೋಗಿತ್ತು. ಎರಡು ವರ್ಷದ ಮಗುವಿಗೆ ಎಲ್ಲಿಯ ನೆನಪು ಎಂದುಕೊಳ್ಳುತ್ತೇವೆ. ಅದರ ತಲೆಯೊಳಗೆ ಏನು ನಡೆಯುತ್ತಿರುತ್ತದೆ ಎಂಬ ಕುತೂಹಲ ನನಗೆ ಅವತ್ತಿನಿಂದ ಶುರುವಾಗಿದ್ದು ಇನ್ನೂ ತೀರಿಲ್ಲ.

ಅವನು ಬಂದ. ಒದ್ದೆ ತಲೆ, ಮೈಮೇಲೆ ಉಡಿದಾರ ಬಿಟ್ಟರೆ ಏನಿಲ್ಲ. ಮಡಿಲಿಗೇರಿ ಸೆರಗು ಸರಿಸಿದ. ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಈಗ ಬಾಯಿ ಹಾಕುತ್ತಾನೆ, ಕಹಿಯಾಗುತ್ತದೆ, ಕಿರುಚುತ್ತಾನೆ, ಸಕ್ಕರೆ ಕೊಡೋಣ ಎಂದು ಅತ್ತೆ ಡಬ್ಬಿಯನ್ನೂ ಪಕ್ಕಕ್ಕಿಟ್ಟುಕೊಂಡಿದ್ದರು. ಅವನು ಬಾಯಿ ಹಾಕಲೇ ಇಲ್ಲ. ಹಳದಿ ಲೇಪವನ್ನು ನೋಡಿದ. ಬೆರಳು ಚಾಚಿದವನು ಮುಟ್ಟದೆ ಹಿಂದಕ್ಕೆ ತೆಗೆದ. ನನ್ನ ಮುಖ ನೋಡಿದ.

"ಅಮ್ಮಗ ಗಾಯ?" ಎಂದ.

ಅತ್ತೆ ತಟ್ಟನೆ, "ಹೌದಪ್ಪ ರಾಜಾ, ಅಮ್ಮಗ ಗಾಯ ಆಗೈತಿ" ಎಂದುಬಿಟ್ಟರು. ಅವನು ನನ್ನ ಕಡೆಗೇ ನೋಡುತ್ತಿದ್ದ. ನಾನು ಹೌದೆಂದು ತಲೆ ಆಡಿಸಿದೆ.

ಅವನು ಬಗ್ಗಿ ಉಫ್ ಎಂದು ಊದಿದ. ಊದಿದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಮಡಿಲಿಂದ ಇಳಿದು ಹೋಗಿ ಚಾಪೆಯನ್ನು ದರದರ ಎಳೆದುಕೊಂಡು ಬಂದ. "ಮಲಕ್ಕ" ಎಂದ. ಮಲಗಿದೆ. ಬೀಸಣಿಗೆ ತಂದು ಬೀಸತೊಡಗಿದ, ಎರಡು ಸಲ ನನ್ನ ಮೂಗಿಗೆ ಬಡಿಯಿತು. ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು, ನಗುತ್ತ ನಗುತ್ತ ಅತ್ತರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅವತ್ತಿನಿಂದ ಅವನು ಹಾಲು ಕೇಳಲಿಲ್ಲ. ಸಂಜೆಯೊಳಗೆ ಸುದ್ದಿ ಓಣಿ ದಾಟಿತು, ವಾರದೊಳಗೆ ಮಡಕಶಿರಾ ಮುಟ್ಟಿತು. ಆದರೆ ಅವನು ಕಹಿಗೆ ಹೆದರಿ ಬಿಟ್ಟದ್ದಲ್ಲ. ನನಗೆ ನೋವಾಗದಿರಲಿ ಎಂದು ಬಿಟ್ಟದ್ದು. ಎರಡು ವರ್ಷದ ಮಗು ತನ್ನ ಅತಿ ದೊಡ್ಡ ಸುಖವನ್ನು ನನ್ನ ಇಲ್ಲದ ಗಾಯಕ್ಕಾಗಿ ಬಿಟ್ಟುಕೊಟ್ಟಿತ್ತು, ನಾನದನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಸುಳ್ಳು ಹೇಳದೆ ಮಕ್ಕಳನ್ನು ಬೆಳೆಸಿದವರು ಯಾರಿದ್ದಾರೆ ಎಂದು ನೀವು ಕೇಳಬಹುದು. ನಿಜ. ಗುಮ್ಮ ಬರುತ್ತಾನೆ ಎನ್ನುತ್ತೇವೆ, ಫೋನಿನ ಚಾರ್ಜು ಮುಗಿಯಿತು ಎನ್ನುತ್ತೇವೆ, ಅಂಗಡಿಯಲ್ಲಿ ಚಾಕಲೇಟು ಖಾಲಿ ಎನ್ನುತ್ತೇವೆ. ನಾನೂ ದಿನಕ್ಕೆ ಹತ್ತು ಹೇಳಿದ್ದೇನೆ, ಅವಕ್ಕೆಲ್ಲ ನನಗೆ ನಿದ್ದೆ ಕೆಟ್ಟಿಲ್ಲ. ಇದು ಮಾತ್ರ ಒಂದು ಸಲಕ್ಕೆ ಮುಗಿಯುವ ಸುಳ್ಳಾಗಿರಲಿಲ್ಲ. ಬೆಳಗೆದ್ದರೆ "ಕಡಿಮಿ ಆತಾ?" ಎಂದು ಕೇಳುತ್ತಿದ್ದ. ಆಯಿತು ಎಂದರೆ ಮತ್ತೆ ಹಾಲಿಗೆ ಬರುತ್ತಾನೆ. "ಇನ್ನಾ ಇಲ್ಲಪ್ಪ" ಎನ್ನುತ್ತಿದ್ದೆ. ಅನಂತಪುರಕ್ಕೆ ಹೋದ ಮೇಲೆ ಅಪ್ಪನ ಫೋನಿನಲ್ಲಿ ಅದೇ ಪ್ರಶ್ನೆ, ಇತ್ತ ಅದೇ ಉತ್ತರ. ತಿಂಗಳು ಕಳೆದು ಮನೆಗೆ ಬಂದಾಗಲೂ ಕೇಳಿದ. ಆಮೇಲೊಂದು ದಿನ ಕೇಳುವುದನ್ನು ನಿಲ್ಲಿಸಿದ. ಯಾವ ದಿನವೆಂದು ನನಗೆ ಗೊತ್ತಿಲ್ಲ. ಹೊಸ ಕೆಲಸದ ಗಡಿಬಿಡಿಯಲ್ಲಿ ಗಮನಿಸಲೇ ಇಲ್ಲ. ವಾಸಿಯಾಯಿತು ಎಂದು ನಾನು ಅವನಿಗೆ ಯಾವತ್ತೂ ಹೇಳಲಿಲ್ಲ.

ಈಗ ಹಿತ್ತಿಲಲ್ಲಿ ಒರಳು ತಿರುಗುತ್ತಿದೆ, ತಂಗಿ ನನ್ನ ಜಾಣತನಕ್ಕೆ ಕಾಯುತ್ತಿದ್ದಾಳೆ. ಅವಳಿಗೆ ಹೇಳುವ ಮೊದಲು ಇವನಿಗೆ ಹೇಳಬೇಕು ಅನ್ನಿಸಿತು. ಯಾಕೋ, ಹಾಗೇ ಅನ್ನಿಸಿತು.

"ಏ, ಇಲ್ಲಿ ಬಾರೋ" ಎಂದೆ. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಬಂದ. ಎಲ್ಲ ಹೇಳಿದೆ. ಬೇವು, ಚಾಪೆ, ಬೀಸಣಿಗೆ, ಒಂದೂ ಬಿಡದೆ. ಅವನಿಗೆ ಏನೂ ನೆನಪಿರಲಿಲ್ಲ. "ಥೂ, ಅಷ್ಟು ದೊಡ್ಡಾವ ಆದ್ರೂ ಕುಡಿತಿದ್ನಾ? ಯಾರಿಗೂ ಹೇಳಬ್ಯಾಡಮ್ಮ" ಎಂದು ಅತ್ತಿತ್ತ ನೋಡಿದ. ಇಷ್ಟು ವರ್ಷ ಎದೆಯಲ್ಲಿ ಹೊತ್ತು ತಿರುಗಿದ್ದೇನೆ, ಆಸಾಮಿಗೆ ಚಿಂತೆ ತನ್ನ ಮರ್ಯಾದೆಯದು! ನಗು ಬಂತು.

"ಗಾಯ ಆಗಿರ್ಲಿಲ್ಲ ಕಣೋ. ನಾನು ಸುಳ್ಳು ಹೇಳಿದ್ದೆ" ಎಂದೆ.

"ನೋವೂ ಆಗಿರ್ಲಿಲ್ಲೇನು?" ಎಂದು ಕೇಳಿದ.

ಆಗಿರಲಿಲ್ಲ ಎನ್ನಲು ಬಾಯಿ ತೆರೆದವಳು ತಡೆದೆ. ಕುಡಿಯುವವನು ದಿಢೀರನೆ ಬಿಟ್ಟರೆ ಹಾಲು ಎಲ್ಲಿಗೆ ಹೋಗಬೇಕು? ಮೂರನೇ ದಿನಕ್ಕೆ ಎದೆ ಕಲ್ಲಾಗಿತ್ತು, ಜ್ವರ ಬಂದಿತ್ತು, ತೋಳು ಎತ್ತಲಾಗುತ್ತಿರಲಿಲ್ಲ. ಹಾಲು ಇಂಗಲಿ ಎಂದು ಅತ್ತೆ ಮಲ್ಲಿಗೆ ಹೂ ತರಿಸಿ ಎದೆಗೆ ಒತ್ತಿ ಕಟ್ಟಿದ್ದರು. ಹಾಗೇ ಕಟ್ಟಿಕೊಂಡು ಅನಂತಪುರದ ಬಸ್ಸು ಹತ್ತಿದ್ದೆ. ಬಸ್ಸೆಲ್ಲ ಘಮಘಮ. ಪಕ್ಕದಲ್ಲಿ ಕೂತ ಅಜ್ಜಿ, "ಪೆಳ್ಳಿಕಿ ಪೋತುನ್ನಾವಾ ಅಮ್ಮಾ?" ಎಂದು, ಮದುವೆಗೆ ಹೊರಟಿದ್ದೀಯಾ ಎಂದು ಕೇಳಿದ್ದಳು. ನಗುತ್ತ ಹೌದೆಂದಿದ್ದೆ. ಬಸ್ಸು ಕುಲುಕಿದಾಗೆಲ್ಲ ಜೀವ ಹೋಗಿ ಬರುತ್ತಿತ್ತು. ಅತ್ತೆಗೆ ಬಿಟ್ಟರೆ ಈ ನೋವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲಿಕ್ಕೆ ಅದರಲ್ಲೇನಿದೆ, ಎಲ್ಲ ತಾಯಂದಿರಿಗೂ ಆಗುವುದೇ ಎಂದುಕೊಂಡಿದ್ದೆ.

"ಆಗಿತ್ತು" ಎಂದೆ. "ಭಾಳ ಆಗಿತ್ತು."

"ಮತ್ತ ಸುಳ್ಳು ಎಲ್ಲಿ ಹೇಳಿದಿ?" ಎಂದವನೇ ಸೈಕಲ್ಲಿನ ಕಡೆ ಹೋದ.

ನಾನು ಎದ್ದು ಹಿತ್ತಿಲಿಗೆ ಹೋದೆ. ತಂಗಿ ಅರೆದಿದ್ದನ್ನು ಬಟ್ಟಲಿಗೆ ಬಳಿಯುತ್ತಿದ್ದಳು, ಮಗಳು ಬಾಗಿಲ ಬಳಿ ತಟ್ಟೆ ಬಡಿಯುತ್ತಿದ್ದಳು. "ಯೇಳಕ್ಕಾ ಈಗ, ಏನ್ ಮಾಡ್ಲಿ?" ಎಂದಳು.

"ಬೇವು ಹಚ್ಕೋ, ಬಿಡು, ಅದು ದೊಡ್ಡದಲ್ಲ" ಎಂದೆ. "ಮಗು ಕೇಳಿದ್ರೆ ಇಲ್ಲದ್ದು ಯೇಳ್ಬೇಡ. ಹಾಲು ನಿಲ್ಸಿದ್ರೆ ಅಮ್ಮಂಗೂ ನೋವಾಯ್ತದೆ, ನಿಂಗೂ ಅಳು ಬತ್ತದೆ, ಇಬ್ರೂ ನಾಕು ದಿನ ತಡ್ಕಳಾನ ಅಂತ ಯೇಳು. ಅವಕ್ಕೆ ಅರ್ಥ ಆಯ್ತದೆ ಕಣೇ."

ತಂಗಿಯ ಕೈ ನಿಂತಿತು. ಬಟ್ಟಲನ್ನೇ ನೋಡುತ್ತ, "ನಂಗೂ ನೋವಾಯ್ತದೆ ಅಂತ ಯೇಳ್ಬೋದಾ ಅಕ್ಕಾ?" ಎಂದು ಕೇಳಿದಳು. ಕೇಳುತ್ತಲೇ ಅವಳ ಕಣ್ಣು ತುಂಬಿಬಂದವು. ಒರೆಸಿಕೊಳ್ಳಲು ಕೈ ಎತ್ತಿದಳು. ಅಂಗೈ ತುಂಬ ಬೇವು, ಕಣ್ಣಿಗೆ ತಗುಲಿದರೆ ಉರಿಯುತ್ತದೆ. ನಾನೇ ಬಗ್ಗಿ ನನ್ನ ಸೆರಗಿನಿಂದ ಒರೆಸಿದೆ.