ಗೂಳಿಗೂ ಸಿಡಿಲಿಗೂ ಸೋತ ನಮ್ಮ ಭಾವ

ನಮ್ಮ ಅಕ್ಕನ ಗಂಡ ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದವರು. ಇದನ್ನು ನಾನು ಹೀಯಾಳಿಸಿ ಹೇಳುತ್ತಿಲ್ಲ. ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ವಾರವೆಲ್ಲ ತಮ್ಮ ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜಿ, ತುಂಬಿ, ದಬ್ಬಳದಿಂದ ಹೊಲಿಯುತ್ತಿದ್ದರು. ಶನಿವಾರ ಸಂಜೆ ಅಂಗಡಿಯ ಬಾಗಿಲೆಳೆದು, ಚಡ್ಡಿ ಬನಿಯನ್ನುಗಳನ್ನು ಕೈಚೀಲಕ್ಕೆ ತುರುಕಿಕೊಂಡು, ತುಂಬಿದ ಸಭೆಯ ಮುಂದೆ ದೊಡ್ಡ ಪೈಲ್ವಾನರ ಕೈಯಲ್ಲಿ ಬೀಳಲು ಹೋಗುತ್ತಿದ್ದರು.

ವೃತ್ತಿಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಕಣಕ್ಕೆ ಇಳಿಯುವ ಮೊದಲೇ ನಿಶ್ಚಯವಾಗಿರುತ್ತದೆ. ನೋಡುವವರಿಗೂ ಅದು ಒಳಗೊಳಗೇ ಗೊತ್ತು. ಹಾಗೆಂದು ಅದನ್ನು ಬರೀ ಸುಳ್ಳೆನ್ನಲಾಗದು. ಆಳೆತ್ತರದಿಂದ ಬಂದ ಬೆನ್ನು ಕಣದ ಹಲಗೆಗೆ ಅಪ್ಪಳಿಸಿದಾಗ ಏಳುವ ಸದ್ದನ್ನು ಯಾರೂ ಮೊದಲೇ ನಿಶ್ಚಯಿಸಿರುವುದಿಲ್ಲ. ಬೀಳುವವನು ಪೆಟ್ಟಾಗದಂತೆ ಬೀಳಬೇಕು. ಬಿದ್ದ ಮೇಲೆ ಪ್ರಾಣವೇ ಹೋಯಿತೆಂಬಂತೆ ನರಳಬೇಕು. ಎರಡರಲ್ಲೂ ಭಾವನನ್ನು ಮೀರಿಸಿದವರನ್ನು ನಾನು ಕಾಣೆ.

“ಭಾವ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಂತೆ,” ಎಂದು ಒಮ್ಮೆ ಕೆಣಕಿದೆ.

“ಅದಕ್ಕೇ ಮೇಷ್ಟ್ರೇ, ನಾನು ಮೀಸೇನೇ ಬಿಟ್ಟಿಲ್ಲ,” ಎಂದು ನುಣ್ಣನೆಯ ತುಟಿಯ ಮೇಲೆ ಬೆರಳಾಡಿಸಿದರು.

ಆಗ ಊರಿನಲ್ಲಿ ಎರಡು ಕುಸ್ತಿ ಕಂಪನಿಗಳಿದ್ದವು. ಒಂದರ ಹುಲಿಗೆ ಗೂಳಿ ಎಂದು ಹೆಸರು. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಯಿತೆಂದು ಹೇಳಲಾಗದ ಆಳು. ಇನ್ನೊಂದರ ಹುಲಿಗೆ ಸಿಡಿಲು ಎಂದು. ಉದ್ದನೆಯ, ತೆಳ್ಳನೆಯ ಮನುಷ್ಯ. ಈ ಮೂಲೆಯಲ್ಲಿ ಇದ್ದಾನೆ ಎನ್ನುವಷ್ಟರಲ್ಲಿ ಎದುರಾಳಿಯ ಎದೆಯ ಮೇಲೆ ಕೂತಿರುತ್ತಿದ್ದ. ಇಬ್ಬರೂ ತಮ್ಮ ತಮ್ಮ ಕಣದಲ್ಲಿ ಸೋಲನ್ನೇ ಕಂಡವರಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಬೇಕೆಂದು ಊರಿಗೆ ಊರೇ ಬಾಯಿ ಬಡಿದುಕೊಂಡರೂ ಕುಸ್ತಿ ನಡೆಯಲಿಲ್ಲ. ಕಂಪನಿಗಳ ಮಾಲೀಕರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದ್ದರೂ ಬೀಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ನಡೆಯದ ಆ ಕುಸ್ತಿಯ ಮೇಲೆ ನಡೆದ ಜಗಳಗಳಿಗೆ ಮಾತ್ರ ಲೆಕ್ಕವಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಬೋಳಿಸಿದ ಕೆನ್ನೆಯಲ್ಲೇ ಗಿರಾಕಿಗಳು ಎದ್ದು ನಿಲ್ಲುತ್ತಿದ್ದರು. ನಮ್ಮ ಶಾಲೆಯ ಉಪಾಧ್ಯಾಯರ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ಗೂಳಿಯ ಕಡೆ, ಚಿತ್ರಕಲೆಯ ಮೇಷ್ಟ್ರು ಸಿಡಿಲಿನ ಕಡೆ. ಇಬ್ಬರ ನಡುವೆ ಸೀಮೆಸುಣ್ಣದ ಡಬ್ಬಿಯನ್ನು ನಾನೇ ದಾಟಿಸಬೇಕಾಗಿತ್ತು. ಕಡೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದುದು ಭಾವನ ಅಂಗಡಿಯ ಮುಂದೆ. ಏಕೆಂದರೆ ಎರಡೂ ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ. ಸೋಲುವವನು ಎಲ್ಲಿ ಸೋತರೇನೆಂದು ಮಾಲೀಕರೂ ಸುಮ್ಮನಿದ್ದರು.

“ನೀವು ಇಬ್ಬರ ಕೈಯಲ್ಲೂ ಏಟು ತಿಂದೋರು. ನೀವೇ ಹೇಳಿ,” ಎನ್ನುತ್ತಿದ್ದ ಕ್ಷೌರಿಕ.

“ಗೂಳಿ ಎತ್ತಿ ಹಾಕಿದ್ರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಯೋಗಕ್ಷೇಮ ವಿಚಾರಿಸುತ್ತೆ. ಸಿಡಿಲು ಹೊಡೆದದ್ದು ಕೆಳಗೆ ಬಿದ್ದ ಮೇಲೇ ಗೊತ್ತಾಗೋದು.”

“ಅದಿರಲಿ, ಗೆಲ್ಲೋದ್ಯಾರು?”

“ಅವರಿಬ್ಬರೂ ಎದುರಾದ ದಿನ ಹೇಳ್ತೀನಿ. ಹಾಸಿಗೆ ಬೇಕಾ?”

ಹೀಗೆ ಹೇಳುವಾಗ ಅವರ ಮನಸ್ಸಿನಲ್ಲೊಂದು ಆಸೆಯಿತ್ತು. ಅದು ನನಗೂ ಅಕ್ಕನಿಗೂ ಮಾತ್ರ ಗೊತ್ತು. ಆ ಕುಸ್ತಿ ನಡೆದರೆ ಅದರ ರೆಫರಿ ತಾವಾಗಬೇಕು. ಬೆನ್ನ ಮೇಲೆ ಬಿದ್ದು ಬೇರೆಯವರು ಎಣಿಸುವುದನ್ನು ಕೇಳಿ ಕೇಳಿ ಸಾಕಾಗಿತ್ತು. ಆ ಒಂದು ಕುಸ್ತಿಯಲ್ಲಿ ತಾವು ನಿಂತುಕೊಂಡು ಒಂದು, ಎರಡು, ಮೂರು ಎಂದು ಎಣಿಸಬೇಕು. ಹಾಸಿಗೆಗೆ ಬಳಸುವ ಕಪ್ಪುಬಿಳಿ ಪಟ್ಟೆಯ ಬಟ್ಟೆ ಮಿಕ್ಕಿತ್ತು. ಅಕ್ಕ ಅದರಲ್ಲೇ ರೆಫರಿಯ ಅಂಗಿ ಹೊಲಿದಿಟ್ಟಿದ್ದಳು. ಅದು ಒಳಕೋಣೆಯ ಗೂಟದಲ್ಲಿ ವರ್ಷಗಟ್ಟಲೆ ನೇತಾಡಿತು.

“ಗಂಡ ಅನ್ನೋದು ಯಾವುದು, ಹಾಸಿಗೆ ಅನ್ನೋದು ಯಾವುದು ಅಂತ ಗೊತ್ತಾಗಲ್ಲ ಇದನ್ನ ಹಾಕ್ಕೊಂಡ್ರೆ,” ಎನ್ನುತ್ತಿದ್ದಳು. ಆದರೂ ವರ್ಷಕ್ಕೊಮ್ಮೆ ಅದನ್ನು ಒಗೆದು, ಇಸ್ತ್ರಿ ಹಾಕಿ ಮತ್ತೆ ಗೂಟಕ್ಕೇ ಹಾಕುವಳು.

ಕಾಲ ಸರಿಯಿತು. ಎರಡು ಕಂಪನಿಗಳೂ ಮುಚ್ಚಿದವು. ಗೂಳಿಯ ಕಿವಿಯ ಪಕ್ಕ ಬೆಳ್ಳಗಾಯಿತು, ಸಿಡಿಲಿಗೆ ಕನ್ನಡಕ ಬಂತು. ಹಳೆಯ ಸಭಾಂಗಣಕ್ಕೆ ಸುಣ್ಣಬಣ್ಣ ಬಳಿದ ಹೊಸ ವ್ಯವಸ್ಥಾಪಕನೊಬ್ಬ, ಬಾಗಿಲು ತೆರೆಯುವ ದಿನಕ್ಕೆ ಈ ಕುಸ್ತಿಯನ್ನೇ ಏರ್ಪಡಿಸುತ್ತೇನೆಂದು ಹೊರಟ. ಬೀಳುವವರು ಯಾರೆಂಬುದಕ್ಕೂ ದಾರಿ ಹುಡುಕಿದ. ಮೂರು ಸುತ್ತು, ಮೊದಲನೆಯದರಲ್ಲಿ ಸಿಡಿಲು ಬೀಳುವುದು, ಎರಡನೆಯದರಲ್ಲಿ ಗೂಳಿ ಬೀಳುವುದು, ಮೂರನೆಯದು ಮುಗಿಯುವ ಮೊದಲೇ ಗಂಟೆ ಬಾರಿಸುವುದು. ಇಬ್ಬರೂ ಒಪ್ಪಿದರು. ಇಬ್ಬರದೂ ಒಂದೇ ಷರತ್ತು: “ರೆಫರಿ ಅಂತ ಇದ್ರೆ ಹಾಸಿಗೆಯೋರೇ. ಬೇರೆ ಯಾರಾದ್ರೂ ನಿಂತ್ರೆ ನಾನು ಬರಲ್ಲ.” ಇಬ್ಬರ ಕೈಯಲ್ಲೂ ಸೋತವನಿಗೆ ಪಕ್ಷಪಾತ ಇರಲಾರದೆಂದು ಇಬ್ಬರಿಗೂ ನಂಬಿಕೆ.

ಗೋಡೆಗಳ ಮೇಲೆ ಕುಸ್ತಿಯ ಚೀಟಿ ಬಿತ್ತು. ಭಾವ ಆ ದಿನ ಒಂದು ಹಾಸಿಗೆಯ ಹೊಲಿಗೆಯನ್ನು ಎರಡು ಸಲ ಬಿಚ್ಚಿದರು. ಅಕ್ಕ ಅಂಗಿಗೆ ಹೊಸ ಕಾಲರ್ ಕೂರಿಸಿದಳು.

ತೊಡಕು ಕಂಡದ್ದು ಆಮೇಲೆ. ಜೀವಮಾನವೆಲ್ಲ ಗೆದ್ದ ಆ ಇಬ್ಬರಿಗೂ ಬೀಳುವುದು ಬರುತ್ತಿರಲಿಲ್ಲ! ಯಾರೂ ಕಲಿಸಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಭಾವ ಅಂಗಡಿಯಲ್ಲೇ ಪಾಠ ಇಟ್ಟರು. ಮೊದಲು ಎರಡು ಹಾಸಿಗೆಯ ಮೇಲೆ, ಆಮೇಲೆ ಒಂದರ ಮೇಲೆ, ಕಡೆಗೆ ಬರೀ ಹಲಗೆಯ ಮೇಲೆ. ಬೆಳಗ್ಗೆ ಸಿಡಿಲು, ಮಧ್ಯಾಹ್ನ ಗೂಳಿ, ಒಬ್ಬರಿಗೊಬ್ಬರು ಎದುರಾಗದಂತೆ.

“ಗದ್ದ ಎದೆಗೆ ಒತ್ತಿ. ಇಡೀ ಬೆನ್ನು ಒಟ್ಟಿಗೇ ತಾಗಬೇಕು. ಕೈ ಹಿಂದಕ್ಕೆ ಊರಲೇಬೇಡಿ, ಅಕ್ಕಪಕ್ಕ ಬಡೀರಿ.”

ಸಿಡಿಲು ಬೇಗನೆ ಕಲಿತ. ಗೂಳಿಯದೇ ಕಷ್ಟ. ಮೊದಲನೆಯ ದಿನ ಮಲಗಿದಾಗ ಅವನ ಕಾಲು ಮೊಣಕಾಲಿನಿಂದಾಚೆ ಹಾಸಿಗೆಯ ಹೊರಗಿತ್ತು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇವರಿಗೆ ಕಾಲಿದ್ದಷ್ಟು ಹಾಸಿಗೆ ಹೊಲಿದುಕೊಡಿ,” ಎಂದಳು ಅಕ್ಕ.

ಆಮೇಲೆ ನಗುವ ವಿಷಯ ಉಳಿಯಲಿಲ್ಲ. ಹಿಂದಕ್ಕೆ ವಾಲಿದ ಕ್ಷಣವೇ ಗೂಳಿಯ ಕೈ ತಾನಾಗಿ ನೆಲ ಹುಡುಕುತ್ತಿತ್ತು. ಎಷ್ಟು ಹೇಳಿದರೂ ಅಷ್ಟೇ.

“ನಾನು ಬಿದ್ದೋನೇ ಅಲ್ಲ ಕಣಯ್ಯಾ. ಹುಟ್ಟುವಾಗಲೂ ನಿಂತ್ಕೊಂಡೇ ಬಂದೆ ಅಂತಿದ್ಲು ನಮ್ಮಮ್ಮ.”

“ಹಾಗಾದ್ರೆ ಪದಕ ನಿಮ್ಮಮ್ಮಂಗೆ ಕೊಡಬೇಕಿತ್ತು,” ಎಂದು ಒಳಗಿನಿಂದ ಅಕ್ಕನ ದನಿ.

ಮೂರನೆಯ ವಾರ ಗೂಳಿ ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದ. ಚಹಾದ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ. ಮಣಿಕಟ್ಟು ಊದಿರುವುದನ್ನು ಭಾವ ಕಂಡರೂ ಕಾಣದವರಂತೆ ಇದ್ದರು.

“ಇದೇನು ಮಹಾ ವಿದ್ಯೆ! ಆ ದಿನ ಬೀಳ್ತೀನಿ ಬಿಡು,” ಎಂದು ಗೂಳಿ ನಕ್ಕು ಎದ್ದುಹೋದ.

ಅಂದು ಭಾವ ನನ್ನನ್ನು ಕರೆಸಿದರು. ಹತ್ತಿಯ ಮೂಟೆಯ ಮೇಲೆ ಕೂತು ದಬ್ಬಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

“ಮೇಷ್ಟ್ರೇ, ಹಲಗೆ ಮೇಲೆ ಆ ತೂಕಕ್ಕೆ ಕೈ ಊರಿದ್ರೆ ಕೈ ಹೋಗುತ್ತೆ. ಕೈ ತಪ್ಪಿದ್ರೆ ಕತ್ತು ಹೋಗುತ್ತೆ.”

“ಹಾಗಿದ್ದರೆ ಸಿಡಿಲೊಬ್ಬನೇ ಬೀಳಲಿ.”

“ಅವರು ಬೀಳದೆ ನಾನೊಬ್ಬನೇ ಯಾಕೆ ಬೀಳಲಿ ಅಂತಾನೆ. ನ್ಯಾಯ ತಾನೆ?”

“ಗೂಳಿಗೇ ಹೇಳಿಬಿಡಿ.”

“ಏನಂತ? ನಿಮಗೆ ಬೀಳೋಕೆ ಬರಲ್ಲ, ಮನೇಲಿರಿ ಅಂತಾನಾ? ನಾಳೆ ಊರು ಏನನ್ನುತ್ತೆ? ಗೂಳಿ ಹೆದರಿ ಓಡಿದ ಅನ್ನುತ್ತೆ. ಕತ್ತು ಉಳಿದು ಏನು ಪ್ರಯೋಜನ ಆಗ?”

ದಬ್ಬಳವನ್ನು ಮೂಟೆಗೆ ಚುಚ್ಚಿಟ್ಟು ತಾವೇ ನಕ್ಕರು. “ಇಲ್ಲಿ ಯಾರಾದ್ರೂ ಒಬ್ಬರು ಬೀಳಬೇಕು, ಅಲ್ವಾ? ಅದು ನನ್ನ ಕೆಲಸ.”

ಅದರ ಅರ್ಥ ನನಗೆ ತಿಳಿದದ್ದು ಎರಡು ದಿನದ ಮೇಲೆ. ಸಂತೆಯಷ್ಟು ಜನ ಓಡಾಡುವ ಹೊತ್ತಿನಲ್ಲಿ, ಕ್ಷೌರದಂಗಡಿಯ ನೇರ ಎದುರಿಗೆ, ಭಾವ ಗಾಡಿಯಿಂದ ಹತ್ತಿಯ ಮೂಟೆ ಇಳಿಸುತ್ತಿದ್ದರು. ಮೂಟೆ ಹೆಗಲಿಗೆ ಬಂತು, ಮೊಣಕಾಲು ನಡುಗಿತು, ಸೊಂಟ ಒಂದು ಕಡೆ, ಮೂಟೆ ಒಂದು ಕಡೆ. ಬಿದ್ದ ಮೇಲೆ ಅವರು ಕೂಗಲಿಲ್ಲ. ಕೂಗಲಾರದವರಂತೆ ಬಾಯಿ ತೆರೆದು ಆಕಾಶ ನೋಡಿದರು. ಎದುರು ಮನೆಯ ಮುದುಕಿ ಅತ್ತೇಬಿಟ್ಟಳು. ನಾನೂ ಗಾಬರಿಯಿಂದ ಓಡಿದೆ. ನಾಲ್ಕು ಜನ ಹಲಗೆಯ ಮೇಲೆ ಹೊತ್ತು ಮನೆಗೆ ತಂದೆವು.

ಜನ ಚದುರಿದ ಮೇಲೆ ಭಾವ ಒಂದು ಕಣ್ಣು ತೆರೆದರು. “ಬಾಗಿಲು ಹಾಕೇ.”

ಅಕ್ಕ ಬಾಗಿಲು ಹಾಕಿ ಬಂದು ಹೆಗಲಿಗೊಂದು ಏಟು ಕೊಟ್ಟಳು. “ಪಾಪಿ! ಜೀವ ಬಾಯಿಗೆ ಬಂದಿತ್ತು ನಂಗೆ.” ಮರುಕ್ಷಣ ಅವಳ ನೋಟ ಗೂಟದ ಕಡೆ ಹೋಯಿತು. “ಮತ್ತೆ ಅಂಗಿ?”

“ಬಿಚ್ಚಿ ದಿಂಬಿಗೆ ಹಾಕು.”

“ದಿಂಬಿಗಂತೆ, ದಿಂಬಿಗೆ! ಕಾಲರ್ ಇರೋ ದಿಂಬು ಯಾರ ಮನೇಲಿದೆ?”

ಭಾವ ಗೋಡೆಯ ಕಡೆ ಮಗ್ಗುಲಾದರು.

ರೆಫರಿಯಿಲ್ಲದೆ ಕುಸ್ತಿಯಿಲ್ಲ. ಚೀಟಿಗಳ ಮೇಲೆ ಬೇರೆ ಚೀಟಿ ಬಿತ್ತು: ಆ ಸಂಜೆ ಸಂಗೀತವಂತೆ. ಊರಿನ ಸಿಟ್ಟೆಲ್ಲ ಭಾವನ ಸೊಂಟದ ಮೇಲೆ ತಿರುಗಿತು. “ಜೀವಮಾನವೆಲ್ಲ ಸರಿಯಾಗಿ ಬಿದ್ದೋನು, ಬೇಕಾದ ಹೊತ್ತಲ್ಲೇ ತಪ್ಪಾಗಿ ಬಿದ್ದ,” ಎಂದು ಕ್ಷೌರಿಕ ಬಂದವರ ತಲೆಗೆಲ್ಲ ಹೇಳಿ ಕಳಿಸಿದ. ಗೂಳಿಯ ಹೆಸರನ್ನಾಗಲಿ ಸಿಡಿಲಿನ ಹೆಸರನ್ನಾಗಲಿ ಯಾರೂ ಎತ್ತಲಿಲ್ಲ. ಭಾವ ಮಲಗಿದಲ್ಲೇ ಇದನ್ನೆಲ್ಲ ಕೇಳಿಸಿಕೊಂಡು, ಪಾಠ ಒಪ್ಪಿಸಿದ ಹುಡುಗನ ಹಾಗೆ ತೃಪ್ತಿಯಿಂದ ಇದ್ದರು. ಯಾರಾದರೂ ನೋಡಲು ಬಂದರೆ ಮಾತ್ರ ನರಳುವರು. ಹೋದರೆ ಎದ್ದು ಕಾಲಾಡಿಸುವರು.

ಕುಸ್ತಿ ನಡೆಯಬೇಕಿದ್ದ ಸಂಜೆ ನಾನು ಅಲ್ಲೇ ಇದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಭಾವ ಚಾಪೆಯ ಮೇಲೆ ಹಾರಿ ಮಲಗಿದರು. ಬಂದವನು ಗೂಳಿ. ಯೋಗಕ್ಷೇಮದ ಮಾತು ಮುಗಿಯುವ ಮೊದಲೇ ಮತ್ತೊಮ್ಮೆ ಬಾಗಿಲು ಬಡಿದ ಸದ್ದಾಯಿತು. ಬಂದವನು ಸಿಡಿಲು. ಊರೆಲ್ಲ ಎದುರುಬದುರು ನೋಡಬೇಕೆಂದು ಹಂಬಲಿಸಿದ ಆ ಇಬ್ಬರು, ಬಟ್ಟೆ ಒಣಗಿಸಿದ ಹಗ್ಗದ ಎರಡು ಕಡೆ ತಲೆ ತಗ್ಗಿಸಿ ನಿಂತರು.

“ನೀವೂ ಬಂದ್ರಾ?” ಎಂದ ಗೂಳಿ.

“ಮತ್ತೆ? ಇವರ ಬೆನ್ನಿಗೆ ನಮ್ಮಿಬ್ಬರದೂ ಋಣ ಇದೆಯಲ್ಲ.”

ಗೂಳಿ ಬಗ್ಗಿ ಚಾಪೆ ಮುಟ್ಟಿ ನೋಡಿದ. “ಥೂ, ಊರಿಗೆಲ್ಲ ಹಾಸಿಗೆ ಹೊಲಿಯೋನು ನೆಲದ ಮೇಲೆ ಮಲಗಿದಾನೆ! ಹಿಡೀರಿ ಆ ಕಡೆ. ಹಾಸಿಗೆಗೆ ಎತ್ತಿ ಹಾಕೋಣ.”

“ಬೇಡ, ಬೇಡ, ನೋವು,” ಎಂದರು ಭಾವ. ಯಾರು ಕೇಳಬೇಕು? ಆ ಕಡೆಯಿಂದ ಸಿಡಿಲಿನ ಕೈ, ಈ ಕಡೆಯಿಂದ ಗೂಳಿಯ ಕೈ ಅವರ ಬೆನ್ನಿನ ಕೆಳಗೆ ಸೇರಿದವು. ಒಬ್ಬರ ಮಣಿಕಟ್ಟನ್ನು ಒಬ್ಬರು ಬಿಗಿಯಾಗಿ ಹಿಡಿದುಕೊಂಡರು. ಗೂಳಿ ಊದಿದ ಕೈಯನ್ನು ಬಿಟ್ಟು ಇನ್ನೊಂದನ್ನು ಕೊಟ್ಟದ್ದನ್ನು ನಾನು ನೋಡಿದೆ.

“ಒಟ್ಟಿಗೇ ಎತ್ತಬೇಕು, ಇಲ್ದಿದ್ರೆ ಇವರ ಸೊಂಟ ಪೂರ್ತಿ ಹೋಗುತ್ತೆ,” ಎಂದ ಸಿಡಿಲು. “ಯಾರಾದ್ರೂ ಎಣಿಸಿ.”

“ಯಾರಾದ್ರೂ ಯಾಕೆ? ರೆಫರಿ ಇಲ್ಲೇ ಇದ್ದಾರಲ್ಲ. ಎಣಿಸಯ್ಯಾ,” ಎಂದ ಗೂಳಿ.

ಭಾವ ನರಳುವುದನ್ನೂ ಮರೆತರು. ಆಮೇಲೆ, ಹಿಂದಿನ ಬೆಂಚಿನವರೆಗೂ ಕೇಳಬೇಕು ಎಂಬಂಥ ದನಿಯಲ್ಲಿ ಎಣಿಸಿದರು.

“ಒಂದು... ಎರಡು... ಮೂರು!”

ಇಬ್ಬರ ಕೈಮೇಲೆ ಭಾವ ಮೇಲೆದ್ದರು. ಏಳುವಾಗ, ವರ್ಷಗಳ ಅಭ್ಯಾಸ, ಗದ್ದ ತಾನಾಗಿ ಎದೆಗೆ ಒತ್ತಿತು. ಸೊಂಟ ಹಿಡಿದವನು ಹಾಗೆ ಮಾಡಲಾರ. ಅದೇ ಪಾಠವನ್ನು ಚೆನ್ನಾಗಿ ಕಲಿತಿದ್ದ ಸಿಡಿಲು ಅದನ್ನು ಕಂಡ. ಒಮ್ಮೆ ಭಾವನ ಮುಖ, ಒಮ್ಮೆ ಗೂಳಿಯ ಊದಿದ ಮಣಿಕಟ್ಟು ನೋಡಿದ.

“ಪಾಪ, ತುಂಬಾ ನೋವಿದೆ ಇವರಿಗೆ. ಇನ್ನು ಕುಸ್ತಿ ಮಾತು ಎತ್ತೋದೇ ಬೇಡ ಬಿಡಿ,” ಎಂದು ಗೂಳಿಗೆ ಹೇಳಿದ.

“ಹೌದು ಹೌದು. ನಾನಂತೂ ಬೀಳೋಕೆ ತಯಾರಾಗಿದ್ದೆ,” ಎಂದ ಗೂಳಿ. ಇಬ್ಬರೂ ಒಟ್ಟಿಗೇ ಹೊರಟು ರಸ್ತೆಯ ತಿರುವಿನವರೆಗೆ ಮಾತಾಡುತ್ತ ಹೋದರು. ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಹೊರಬಂದು ನೋಡಿದನಂತೆ.

ಗೂಳಿ ಈಗಿಲ್ಲ, ನಿದ್ದೆಯಲ್ಲೇ, ಕತ್ತು ನೆಟ್ಟಗಿರುವಾಗಲೇ ಹೋದ. ಆದ್ದರಿಂದ ಭಾವನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರೀಗಲೂ ಕ್ಷೌರದಂಗಡಿಯ ಮುಂದೆ ಹಾಯುವಾಗ ಸೊಂಟಕ್ಕೊಂದು ಕೈ ಕೊಡುತ್ತಾರೆ. ಗೆಲ್ಲುತ್ತಿದ್ದವರು ಯಾರೆಂದು ಒಳಗಿನಿಂದ ಯಾರಾದರೂ ಕೂಗುತ್ತಾರೆ. ಹಾಸಿಗೆ ಬೇಕಾ ಎಂದು ಇವರು ಕೇಳುತ್ತಾರೆ.

ಆ ಸಂಜೆ ಅವರಿಬ್ಬರೂ ಕಣ್ಮರೆಯಾದ ಮೇಲೆ ಭಾವ ಹಾಸಿಗೆಯಿಂದ ಎದ್ದರು.

“ಆ ಅಂಗಿ ಕೊಡೇ.”

ಅಕ್ಕ ಗೂಟದಿಂದ ತೆಗೆದುಕೊಟ್ಟಳು. ಭಾವ ಅದನ್ನು ತೊಟ್ಟು, ಕಾಲರ್ ಸರಿಮಾಡಿಕೊಂಡು, ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಊಟಕ್ಕೆ ಕೂತರು.

“ಎಣ್ಣೆ ಕಲೆ ಮಾಡ್ಕೊಂಡ್ರೆ ನೋಡಿ,” ಎಂದಳು ಅಕ್ಕ ಬಡಿಸುತ್ತಾ, “ನಾನೇ ಕಣಕ್ಕಿಳೀತೀನಿ. ನನಗೂ ಸೋತಿದ್ದೀರಿ ಅನ್ನೋದನ್ನ ಮರೀಬೇಡಿ.”