ಮೊದಲಿನಿಂದ ಹೇಳಿದರೆ ಬರುವ ಪಾಠ

ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಒದ್ದೆ ಹಾಸುಗಳನ್ನು ಎತ್ತಿ ಗಾಡಿಗೆ ತುಂಬಿ ಅವಳ ಮಂಡಿ ಸವೆದಿತ್ತು. ಈಗ ಮೇಲಿನ ಮಹಡಿಗೆ ಹೊಸ ಇಸ್ತ್ರಿ ಯಂತ್ರ ಬಂದಿತ್ತು. ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೇ ಕೆಲಸ ಮಾಡಬಹುದು. ಆದರೆ ಆ ಸ್ಟೂಲ್ ಸಿಗಬೇಕಾದರೆ ತರಬೇತಿ ಮುಗಿಸಿ, ಯಂತ್ರ ನಡೆಸುವ ಹತ್ತು ಹಂತಗಳನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ದೊಡ್ಡಕ್ಕ?" ಎಂದು ಜೊತೆಯ ಗಾಡಿಯವಳು ಕೆಣಕಿದಳು.

"ನಾನು ಮರ ಅಲ್ಲ ಕಣೇ, ಒದ್ದೆ ಹಾಸು. ಹಿಂಡಿದ್ರೆ ಹೇಗೆ ಬೇಕಾದ್ರೂ ಬಗ್ತೀನಿ."

ಸೊಸೆ ಹತ್ತೂ ಹಂತಗಳ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲೇ ಚೀಟಿಯಲ್ಲಿ ಬರೆದುಕೊಟ್ಟಳು. ದೊಡ್ಡಕ್ಕನಿಗೆ ಕಲಿಯುವ ದಾರಿ ಗೊತ್ತಿದ್ದದ್ದು ಒಂದೇ, ದೇವರ ಸ್ತೋತ್ರ ಕಲಿತ ದಾರಿ. ಪಾತ್ರೆ ತೊಳೆಯುತ್ತ, ಬಸ್ಸಿಗೆ ಕಾಯುತ್ತ, ಮೊದಲಿನಿಂದ ಕೊನೆಯವರೆಗೆ ಒಂದೇ ರಾಗ. ಮೂರು ವಾರಕ್ಕೆ ನೀರು ಕುಡಿದಷ್ಟು ಸಲೀಸಾಯಿತು.

ತರಬೇತಿಯ ಮೇಷ್ಟ್ರು ಚಿಕ್ಕ ವಯಸ್ಸಿನವನು, ಒಳ್ಳೆಯವನೇ. ಆದರೆ ಪರೀಕ್ಷೆಯ ದಿನ ಯಂತ್ರದ ಮುಂದೆ ನಿಲ್ಲಿಸಿ ಅವನು ಮೊದಲಿನಿಂದ ಕೇಳಲಿಲ್ಲ.

"ಏಳನೇ ಸ್ಟೆಪ್ ಹೇಳಿ ಅಮ್ಮ. ಕೆಂಪು ದೀಪ ಹತ್ತಿದ್ರೆ?"

ಅವಳ ಬಲಗೈ ತಾನಾಗಿ ಹೋಗಿ ನಿಲ್ಲಿಸುವ ಗುಂಡಿಯ ಮೇಲೆ ಕೂತಿತು.

"ಕೈಗೆ ಗೊತ್ತು, ಸರಿ. ಬಾಯಲ್ಲಿ ಹೇಳ್ಬೇಕಮ್ಮ, ಮೇಲಿನವರ ರೂಲು."

ದೊಡ್ಡಕ್ಕ ಬೆರಳು ಮಡಿಚಿ ಒಂದರಿಂದ ಶುರುಮಾಡಿದಳು. ನಾಲ್ಕಕ್ಕೆ ಬಂದಾಗ ಅವನು, "ಏಳನೇದು ಮಾತ್ರ ಸಾಕು" ಎಂದ. ಎಳೆ ತುಂಡಾಯಿತು. ಮತ್ತೆ ಒಂದರಿಂದ. ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕೆಂದರು, ಮತ್ತೆ ತಪ್ಪಿತು. ಮೂರನೇ ಸಲ ಅವನು ಸುಮ್ಮನೆ ಕಾದ. ಅವಳು ಏಳಕ್ಕೆ ಬಂದಳು, ನಿಲ್ಲಲಾರದೆ ಹತ್ತರವರೆಗೂ ಹೋಗಿಬಿಟ್ಟಳು.

"ಏಳನೇದೂ ಅದರೊಳಗೇ ಇತ್ತಪ್ಪ" ಎಂದಳು.

"ಇತ್ತಮ್ಮ. ಆದ್ರೆ ಕೆಂಪು ದೀಪ ಅಷ್ಟು ಹೊತ್ತು ಕಾಯಲ್ಲ. ಮುಂದಿನ ತಿಂಗಳು ಬನ್ನಿ."

'ನನ್ನ ಕೈಯೂ ಕಾದಿರಲಿಲ್ಲವಲ್ಲ' ಎಂಬ ಉತ್ತರ ಮೆಟ್ಟಿಲಿಳಿಯುವಾಗ ಹೊಳೆಯಿತು. ಅದನ್ನು ಹೇಳಲೆಂದು ಮತ್ತೆ ಹತ್ತಲು ಮಂಡಿ ಒಪ್ಪಲಿಲ್ಲ. ಕೆಳಗೆ ಹೋಗಿ ಸಂಜೆಯವರೆಗೂ ಗಾಡಿ ತುಂಬಿದಳು.

ಮನೆಯ ಬಾಗಿಲಲ್ಲೇ ಸೊಸೆ ಕೇಳಿದಳು, "ಏನಾಯ್ತು ಅತ್ತೆ?"

"ಇನ್ನು ಮೇಲೆ ನಡುನಡುವಿಂದ ಕೇಳು. ಏಳು, ಮೂರು, ಒಂಬತ್ತು, ಮನಸ್ಸಿಗೆ ಬಂದ ಹಾಗೆ."

ಸೊಸೆ ಚೀಟಿ ತರಲು ಒಳಗೆ ಹೊರಟಳು.

"ಇವತ್ತು ಬೇಡ ಕಣಮ್ಮ" ಎಂದು ದೊಡ್ಡಕ್ಕ ಗೋಡೆಗೊರಗಿ ಕಾಲು ಚಾಚಿದಳು. "ನಾಳೆಯಿಂದ."